ಫೈಟನ್, ಲ್ಯಾಂಡೋ, ಬ್ರೂಮ್: ಕಾರುಗಳಿಗೆ ಕುದುರೆ ಗಾಡಿಯ ಹೆಸರು ಬಂದದ್ದು ಹೇಗೆ?

ಹಾಸನದ ಟೂರರ್

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಕೇಳಬೇಕು ಅಂದುಕೊಂಡಿದ್ದೆ. ಹೋದ ವಾರ ಇನ್ಶೂರೆನ್ಸ್ ಕಟ್ಟಲು ಕಾರಿನ ಆರ್‌ಸಿ ಕಾರ್ಡ್ ಹೊರಗೆ ತೆಗೆದೆ. ಬಾಡಿ ಟೈಪ್ ಅನ್ನುವ ಕಡೆ ಸಲೂನ್ ಅಂತ ಇತ್ತು. ಮಗಳು ನೋಡಿ "ಅಪ್ಪಾ, ಸಲೂನ್ ಅಂದ್ರೆ ಕಟಿಂಗ್ ಶಾಪ್ ಅಲ್ವಾ?" ಅಂದಳು. ನನಗೆ ಉತ್ತರ ಗೊತ್ತಿರಲಿಲ್ಲ.

ನಮ್ಮ ಚಿಕ್ಕಪ್ಪನ ಹತ್ತಿರ 1934ರ ಒಂದು ಆಸ್ಟಿನ್ ಸೆವೆನ್ ಇದೆ. ಅದರ ಹಳೇ ಆರ್‌ಸಿ ಪುಸ್ತಕದಲ್ಲಿ ಇದೇ ಜಾಗದಲ್ಲಿ ಓಪನ್ ಟೂರರ್ ಅಂತ ಇಂಕಿನಲ್ಲಿ ಬರೆದಿದ್ದಾರೆ. ಆ ಎರಡು ಪದಕ್ಕೆ ಎಷ್ಟು ಬೆಲೆ ಅಂತ ನಮಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ. ಕಾರಿನ ಹುಡ್ ಹರಿದಿತ್ತು. ಮೇಲೆ ಕ್ಯಾನ್ವಾಸ್ ಬಟ್ಟೆ, ಒಳಗೆ ಮಡಚುವ ಕಮಾನುಗಳು. ಹೊಲಿಸಲು ಒಂದು ಗ್ಯಾರೇಜಿಗೆ ಕೊಟ್ಟೆವು, ಹೆಸರು ಬೇಡ. ಹದಿನೈದು ದಿನ ಬಿಟ್ಟು ಹೋದರೆ ಕೆಲಸ ಬಹಳ ನೀಟಾಗಿತ್ತು. ಹೊಲಿಗೆ ನೇರ, ಬಟ್ಟೆ ಬಿಗಿ. ಚಿಕ್ಕಪ್ಪ ಹುಡ್ ಇಳಿಸಲು ಹೋದರು. ಅದು ಅಲ್ಲಾಡಲಿಲ್ಲ. ಬಗ್ಗಿ ನೋಡಿದರೆ ಕಮಾನು ಮಡಚುವ ಪಿನ್ನುಗಳನ್ನೆಲ್ಲ ತೆಗೆದು ಆ ಜಾಗಕ್ಕೆ ವೆಲ್ಡಿಂಗ್ ಮಾಡಿಬಿಟ್ಟಿದ್ದಾರೆ. "ಮಳೆಗೆ ಸೋರಬಾರದು ಅಂತ ಗಟ್ಟಿ ಮಾಡಿದ್ದೀವಿ ಸರ್" ಅಂದರು. ಮೋಸ ಮಾಡಿದ್ದಲ್ಲ, ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು. ಟೂರರ್ ಅಂದರೆ ಹುಡ್ ಇಳಿಯಲೇಬೇಕು ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಕೊಡುವಾಗಲೇ ಹೇಳಬೇಕು ಅಂತ ನಮಗೂ ತೋಚಿರಲಿಲ್ಲ. ಚಿಕ್ಕಪ್ಪ ಆ ಕಮಾನು ಹಿಡಿದುಕೊಂಡು ಸುಮಾರು ಹೊತ್ತು ಮಾತಾಡದೆ ನಿಂತಿದ್ದರು.

ಅವತ್ತಿನಿಂದ ಈ ಬಾಡಿ ಹೆಸರುಗಳನ್ನು ಹುಡುಕಿ ಹುಡುಕಿ ಓದುತ್ತಿದ್ದೇನೆ. ಓದುತ್ತಾ ಹೋದರೆ ಹೆಚ್ಚಿನವು ಕುದುರೆ ಗಾಡಿಗೇ ಹೋಗಿ ನಿಲ್ಲುತ್ತವೆ. ಫೈಟನ್, ಲ್ಯಾಂಡೋ, ಬ್ರೂಮ್, ಕ್ಯಾಬ್ರಿಯೋಲೆ, ಕೂಪೆ. ಯಾರಿಗೆ ಏನು ಗೊತ್ತೋ ಬರೆಯಿರಿ. ಉದ್ದ ಆದರೂ ಪರವಾಗಿಲ್ಲ.

ಪದದ ಬೇರು

ಮೊದಲು ನಿಮ್ಮ ಮಗಳ ಪ್ರಶ್ನೆ. ಅವಳು ಹೇಳಿದ್ದೂ ಸರಿ, ಆರ್‌ಸಿ ಕಾರ್ಡೂ ಸರಿ. ಫ್ರೆಂಚಿನ ಸಲೋನ್ ಅಂದರೆ ದೊಡ್ಡ ಮನೆಯ ಹಜಾರ, ಬಂದವರನ್ನು ಕೂರಿಸುವ ಜಾಗ. ಇಂಗ್ಲಿಷಿಗೆ ಬಂದು ಸಲೂನ್ ಆಯಿತು. ಹಡಗಿನಲ್ಲಿ, ರೈಲಿನಲ್ಲಿ ಎಲ್ಲರೂ ಒಟ್ಟಿಗೆ ಕೂರುವ ಕೋಣೆಗೆ ಅದೇ ಹೆಸರು. ಕ್ಷೌರದ ಅಂಗಡಿಗೂ ಅದೇ. ಕಾರಿಗೆ ಬಂದಾಗ ಅರ್ಥ ಇಷ್ಟೇ: ಓಡಿಸುವವರೂ ಕೂತವರೂ ಒಂದೇ ಕೋಣೆಯಲ್ಲಿ, ಒಂದೇ ಸೂರಿನ ಕೆಳಗೆ. ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಆದರೆ ಮುಚ್ಚಿದ ಕುದುರೆ ಗಾಡಿಯಲ್ಲಿ ಧಣಿ ಒಳಗೆ, ಹೊಡೆಯುವವನು ಹೊರಗೆ ಮಳೆಯಲ್ಲಿ. ಶ್ರೀಮಂತರ ಮೊದಲ ಕಾರುಗಳಲ್ಲೂ ಹಾಗೇ ಇತ್ತು. ಡ್ರೈವರ್ ಒಳಗೆ ಬಂದದ್ದೇ ದೊಡ್ಡ ಬದಲಾವಣೆ.

ಅಮೆರಿಕದವರು ಇದಕ್ಕೇ ಸೆಡಾನ್ ಅಂದರು. ಅದಕ್ಕೆ ಮೊದಲು ಸೆಡಾನ್ ಅಂದರೆ ಗಾಡಿಯೇ ಅಲ್ಲ, ಅದಕ್ಕೆ ಚಕ್ರವೇ ಇರಲಿಲ್ಲ. 17ನೇ ಶತಮಾನದ ಲಂಡನ್ನಿನಲ್ಲಿ ಬಾಗಿಲು ಕಿಟಕಿ ಇರುವ ಒಂದು ಪೆಟ್ಟಿಗೆ, ಒಳಗೆ ಒಂದು ಕುರ್ಚಿ, ಎರಡು ಉದ್ದ ಕೋಲು, ಹಿಂದೊಬ್ಬ ಮುಂದೊಬ್ಬ ಹೊರುವವರು. ನಮ್ಮ ಪಲ್ಲಕ್ಕಿಯ ನೆಂಟ ಅನ್ನಬಹುದು. ಲಿಮೊಸಿನ್ ಅನ್ನುವುದು ಫ್ರಾನ್ಸಿನ ಲಿಮೂಸಿನ್ ಪ್ರಾಂತ್ಯದ ಹೆಸರು, ಅಲ್ಲಿನ ಕುರಿ ಕಾಯುವವರು ತಲೆ ಮುಚ್ಚುವ ಹಾಗೆ ಹೊದೆಯುತ್ತಿದ್ದ ಮೇಲಂಗಿಗೂ ಅದೇ ಹೆಸರು. ನಮ್ಮ ಕಂಬಳಿ ಕೊಪ್ಪೆ ಇದೆಯಲ್ಲ, ಹಾಗೆ.

ನನಗೆ ಎಲ್ಲಕ್ಕಿಂತ ಇಷ್ಟ ಕೋಚ್. ಹಂಗೇರಿಯಲ್ಲಿ ಕೋಚ್ ಅಂತ ಒಂದು ಹಳ್ಳಿ ಇದೆ, ವಿಯೆನ್ನಾ ಮತ್ತು ಬುಡಾ ನಡುವಿನ ದಾರಿಯಲ್ಲಿ. ಅಲ್ಲಿ ಒಳ್ಳೆ ಗಾಡಿ ಕಟ್ಟುತ್ತಿದ್ದರು. ಕೋಚ್ ಊರಿನ ಗಾಡಿ ಅನ್ನುವ ಅರ್ಥದ 'ಕೋಚಿ' ಯೂರೋಪೆಲ್ಲ ಸುತ್ತಿ ಇಂಗ್ಲಿಷಿನ ಕೋಚ್ ಆಯಿತು. ಅಲ್ಲಿಂದ ರೈಲಿನ ಕೋಚ್. ಪರೀಕ್ಷೆ ದಾಟಿಸುವ ಮೇಷ್ಟ್ರನ್ನು ಆಕ್ಸ್‌ಫರ್ಡಿನ ಹುಡುಗರು ಕೋಚ್ ಅಂತ ಕರೆದರು, ಗಾಡಿಯ ಹಾಗೆ ಹೊತ್ತು ದಾಟಿಸುತ್ತಾರೆ ಅಂತ. ಕ್ರಿಕೆಟ್ ಕೋಚ್ ಬಂದದ್ದು ಹಾಗೆ. ಹಂಗೇರಿಯವರು ಇವತ್ತಿಗೂ ಕಾರಿಗೆ ಕೋಚಿ ಅಂತಲೇ ಅನ್ನುತ್ತಾರೆ.

ನಮ್ಮ ಗಾಡಿಯೂ ಹಾಗೇ ಅಲ್ವಾ? ಎತ್ತು ಕಟ್ಟುವುದಕ್ಕೂ ಗಾಡಿ, ರೈಲೂ ಗಾಡಿ, ಈಗ "ಗಾಡಿ ತಂದಿದ್ದೀಯಾ" ಅಂದರೆ ಬೈಕು ಸ್ಕೂಟರು. ಹೊಸ ಗಾಡಿಗೆ ಜನ ಹೊಸ ಹೆಸರು ಹುಡುಕಲ್ಲ.

ನೆಕ್ಕರ್ ತೀರ

ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಇರುವವನು. ಇಲ್ಲಿ ಮರ್ಸಿಡಿಸ್ ಮ್ಯೂಸಿಯಮ್ಮಿನಲ್ಲಿ ಲಿಫ್ಟ್ ಮೇಲಕ್ಕೆ ಕರೆದುಕೊಂಡು ಹೋಗುತ್ತದೆ, ಮೇಲಿನಿಂದ ಇಳಿಯುತ್ತಾ ನೋಡಬೇಕು. ಬಾಗಿಲು ತೆಗೆದಾಗ ಮೊದಲು ಕಾಣುವುದು ಕಾರಲ್ಲ, ಒಂದು ಬಿಳಿ ಕುದುರೆಯ ಪ್ರತಿಮೆ. ಊರಿನಿಂದ ಯಾರು ಬಂದರೂ ನಾನು ಕರೆದುಕೊಂಡು ಹೋಗುತ್ತೇನೆ. ಅಪ್ಪ ಬಂದಾಗ ಹೊಳೆಯುವ ಕಾರುಗಳನ್ನೆಲ್ಲ ಬಿಟ್ಟು ಡೈಮ್ಲರ್ ಅವರ ಮೊದಲ ಗಾಡಿಯ ಮುಂದೆ ನಿಂತುಬಿಟ್ಟರು.

ಆ ಗಾಡಿಯ ಕಥೆ ಹೀಗೆ. 1886ರಲ್ಲಿ ಗಾಟ್‌ಲೀಬ್ ಡೈಮ್ಲರ್ ಅವರ ಹತ್ತಿರ ಸಣ್ಣ ಎಂಜಿನ್ ಇತ್ತು, ಅರ್ಧ ಲೀಟರಿಗಿಂತ ಸ್ವಲ್ಪ ಕಡಿಮೆ, ಸುಮಾರು ಒಂದು ಕುದುರೆಯ ಬಲ. ಕೂರಿಸಲು ಗಾಡಿ ಇರಲಿಲ್ಲ. ಸ್ಟುಟ್‌ಗಾರ್ಟಿನ ವಿಂಫ್ ಅನ್ನುವ ಕುದುರೆ ಗಾಡಿ ಕಟ್ಟುವ ಅಂಗಡಿಗೆ ಒಂದು ಒಳ್ಳೆ ಗಾಡಿ ಹೇಳಿದರು. ಹೆಂಡತಿ ಎಮ್ಮಾ ಅವರ ಹುಟ್ಟುಹಬ್ಬಕ್ಕೆ ಉಡುಗೊರೆ ಅಂತ ಕಾರಣ ಕೊಟ್ಟರು, ಗುಟ್ಟು ಹೊರಗೆ ಹೋಗಬಾರದು ಅಂತ. ಆಗಸ್ಟಿನಲ್ಲಿ ಗಾಡಿ ಬಂತು. ಎಸ್‌ಲಿಂಗನ್ನಿನಲ್ಲಿ ಎಂಜಿನ್ ಕೂರಿಸಿದರು.

ಹತ್ತಿರ ನಿಂತು ನೋಡಿದರೆ ಅದು ಪೂರ್ತಿ ಕುದುರೆ ಗಾಡಿಯೇ. ಹಿಂದಿನ ಸೀಟಿನ ಮುಂದೆ ಎಂಜಿನ್ ನೆಟ್ಟಗೆ ನಿಂತಿದೆ, ಗೂಟ ಹೊಡೆದ ಹಾಗೆ. ಮುಂದೆ ಮೂಕಿ ಇರಬೇಕಾದ ಜಾಗ ಖಾಲಿ. ಅಪ್ಪ ನೋಡಿದ್ದು ಅದನ್ನೇ. "ಮೂಕಿ ಬಿಚ್ಚಿಟ್ಟು ಎತ್ತು ಮೇಯಲು ಬಿಟ್ಟ ಹಾಗಿದೆ ಕಣೋ" ಅಂದರು. ಮುಂದಿನ ಚಕ್ರ ತಿರುಗುವುದೂ ಗಾಡಿಯ ಹಾಗೇ, ಇಡೀ ಅಚ್ಚು ನಡುವಿನ ಒಂದು ಗೂಟದ ಮೇಲೆ ತಿರುಗುತ್ತದೆ.

ಕಾರ್ಲ್ ಬೆಂಜ್ ಅವರು ಹಿಡಿದದ್ದು ಬೇರೆ ದಾರಿ. 1886ರ ಜನವರಿ 29ರಂದು ಪೇಟೆಂಟಿಗೆ ಹಾಕಿದ ಅವರ ಗಾಡಿಗೆ ಮೂರೇ ಚಕ್ರ. ಸೈಕಲ್ಲಿನ ಹಾಗೆ ತಂತಿಯ ಕಡ್ಡಿಗಳು. ನಾಲ್ಕು ಚಕ್ರ ಯಾಕೆ ಇಡಲಿಲ್ಲ ಅಂದರೆ ಸ್ಟೇರಿಂಗ್ ಕಷ್ಟ. ತಿರುವಿನಲ್ಲಿ ಒಳಗಿನ ಚಕ್ರ ಸಣ್ಣ ಸುತ್ತು ಹೊಡೆಯುತ್ತದೆ, ಹೊರಗಿನದ್ದು ದೊಡ್ಡ ಸುತ್ತು. ಎರಡೂ ಬೇರೆ ಬೇರೆ ಕೋನದಲ್ಲಿ ತಿರುಗಬೇಕು. ಇಡೀ ಅಚ್ಚು ತಿರುಗಿಸಿದರೆ ಕುದುರೆಯ ನಿಧಾನಕ್ಕೆ ನಡೆಯುತ್ತದೆ, ಆದರೆ ಚಕ್ರ ಬಾಡಿಯ ಕೆಳಗೆ ಬರುತ್ತದೆ, ಗಾಡಿ ಮಗುಚುವ ಭಯ. ಇದಕ್ಕೆ ಉಪಾಯ ಹಿಂದೆಯೇ ಇತ್ತು, ಅದೂ ಕುದುರೆ ಗಾಡಿಗೇ ಮಾಡಿದ್ದು. ಮ್ಯೂನಿಕ್ಕಿನ ಗಾಡಿ ಕಟ್ಟುವ ಲಾಂಕೆನ್ಸ್‌ಪರ್ಗರ್ ಅವರು ಚಕ್ರಗಳು ಮಾತ್ರ ತಿರುಗುವ ಹಾಗೆ ಮಾಡಿದ್ದರು, 1818ರಲ್ಲಿ ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದವರು ಅವರ ಏಜೆಂಟ್ ಅಕರ್‌ಮನ್. ಇವತ್ತಿಗೂ ಪುಸ್ತಕದಲ್ಲಿ ಅಕರ್‌ಮನ್ ಸ್ಟೇರಿಂಗ್ ಅಂತಲೇ ಓದುತ್ತೇವೆ. ಕಟ್ಟಿದವರ ಹೆಸರು ಬಿದ್ದುಹೋಗಿ ಪೇಟೆಂಟ್ ತೆಗೆದವರ ಹೆಸರು ಉಳಿದಿದೆ. ನನಗೆ ಇದು ಬೇಜಾರು.

1893ರಲ್ಲಿ ಬೆಂಜ್ ಅವರೂ ಈ ಸಮಸ್ಯೆ ಬಗೆಹರಿಸಿ ನಾಲ್ಕು ಚಕ್ರದ ಕಾರು ತಂದರು. ಹೆಸರು ವಿಕ್ಟೋರಿಯಾ. ಗೆದ್ದ ಖುಷಿಗೆ ಇಟ್ಟ ಹೆಸರು ಅಂತ ಹೇಳುತ್ತಾರೆ. ಆದರೆ ಅಷ್ಟು ಹೊತ್ತಿಗೆ ವಿಕ್ಟೋರಿಯಾ ಅನ್ನುವ ಕುದುರೆ ಗಾಡಿ ಯೂರೋಪಿನ ಊರೂರಲ್ಲಿ ಓಡಾಡುತ್ತಿತ್ತು. 1897ರಲ್ಲಿ ಇದೇ ಸ್ಟುಟ್‌ಗಾರ್ಟಿನಲ್ಲಿ ಮೀಟರ್ ಹಾಕಿದ ಮೊದಲ ಮೋಟಾರು ಟ್ಯಾಕ್ಸಿ ಓಡಿತು, ಅದೂ ವಿಕ್ಟೋರಿಯಾ, ಡೈಮ್ಲರ್ ಕಂಪನಿಯದ್ದು.

ಬಾಡಿ ಶೆಡ್ ಹುಡುಗ

ಹಾಸನದ ಅಣ್ಣ, ನಿಮ್ಮ ಪ್ರಶ್ನೆಗೆ ನಮ್ಮ ಶೆಡ್ಡಿನಲ್ಲೇ ಉತ್ತರ ಇದೆ. ನಮ್ಮಪ್ಪ ಲಾರಿ ಬಾಡಿ ಕಟ್ಟುವವರು, ನಾನೂ ಅದೇ ಕೆಲಸ. ಹೈವೇಲಿ ನೀವು ನೋಡಿರುತ್ತೀರಿ, ಬರೀ ಚಾಸಿ, ಅಂದರೆ ಕೆಳಗಿನ ಚೌಕಟ್ಟು, ಹೋಗುತ್ತಿರುತ್ತದೆ. ಕ್ಯಾಬಿನ್ ಇಲ್ಲ, ಗಾಜಿಲ್ಲ. ಡ್ರೈವರ್ ತಲೆಗೆ ಟವೆಲ್ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿಕೊಂಡು ಬಿಸಿಲಲ್ಲಿ ಕೂತಿರುತ್ತಾನೆ. ಕಂಪನಿ ಕೊಡುವುದು ಅಷ್ಟೇ: ಎಂಜಿನ್, ಚಾಸಿ, ಚಕ್ರ. ಮೇಲಿನದ್ದು ನಾವು ಕಟ್ಟಬೇಕು. ಕಲ್ಲಿಗೆ ಒಂದು ಥರ, ಹುಲ್ಲಿಗೆ ಒಂದು ಥರ, ಕೋಳಿಗೆ ಒಂದು ಥರ.

ರೋಲ್ಸ್ ರಾಯ್ಸ್ ಕಾರೂ ಹೀಗೇ ಬರುತ್ತಿತ್ತು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡನೇ ಮಹಾಯುದ್ಧದ ತನಕ ಆ ಕಂಪನಿ ಚಾಸಿ ಮಾತ್ರ ಮಾರುತ್ತಿತ್ತು. ಅವರೇ ಬಾಡಿ ಸಮೇತ ಮಾರಿದ ಮೊದಲ ಕಾರು 1946ರ ಬೆಂಟ್ಲಿ ಮಾರ್ಕ್ 6. ಅದಕ್ಕೆ ಮೊದಲು ಗಿರಾಕಿ ಚಾಸಿ ತಗೊಂಡು ಲಂಡನ್ನಿನ ಬಾರ್ಕರ್, ಹೂಪರ್ ಇಂಥವರ ಹತ್ತಿರ ಕಳಿಸುತ್ತಿದ್ದರು. ಇವರೆಲ್ಲ ಯಾರು? ಕುದುರೆ ಗಾಡಿ ಕಟ್ಟುತ್ತಿದ್ದವರು. ಬಾರ್ಕರ್ ಶುರುವಾದದ್ದು 1710ರಲ್ಲಿ. ಇನ್ನೂರು ವರ್ಷ ಗಾಡಿ ಕಟ್ಟಿದ ಅಂಗಡಿ. ಧಣಿಗಳು ಬಂದು "ನಮಗೊಂದು ಲ್ಯಾಂಡೋ ಬೇಕು" ಅಂದರೆ ಅವರಿಗೆ ಮರದ ಅಳತೆ, ಹುಡ್ಡಿನ ಅಳತೆ, ಮೆಟ್ಟಿಲು ಎಷ್ಟು ಎತ್ತರ, ಎಲ್ಲ ಕೈಯಲ್ಲೇ ಇತ್ತು. ಕೆಳಗೆ ಕುದುರೆ ಬದಲು ಎಂಜಿನ್ ಬಂತು. ಮೇಲೆ ಕೆಲಸ ಮಾಡುವ ಬಡಗಿ ಅವನೇ, ಚರ್ಮ ಹೊಲಿಯುವವನು ಅವನೇ, ಬಣ್ಣ ಹೊಡೆಯುವವನು ಅವನೇ. ಕಟ್ಟುವವರು ಬದಲಾಗದೆ ಇದ್ದಾಗ ಹೆಸರು ಹೇಗೆ ಬದಲಾಗುತ್ತದೆ?

ಮರದ ವಿಷಯ ಹೇಳದೆ ಇರಲಾರೆ. ಅವರ ಗಾಡಿ ಚಕ್ರಕ್ಕೆ ಮೂರು ಜಾತಿ ಮರ. ನಡುವಿನ ಗುಂಭಕ್ಕೆ ಎಲ್ಮ್, ಅದು ಸೀಳುವುದಿಲ್ಲ. ಕಡ್ಡಿಗೆ ಓಕ್, ಅದು ಭಾರ ತಡೆಯುತ್ತದೆ. ಸುತ್ತಿನ ಬಳೆಗೆ ಆಶ್, ಅದು ಬಳುಕಿ ಪೆಟ್ಟು ತಿನ್ನುತ್ತದೆ. ಕಾರಿನ ಬಾಡಿಗೂ ಒಳಗೆ ಆಶ್ ಮರದ ಚೌಕಟ್ಟು, ಅದರ ಮೇಲೆ ತಗಡು. ಇಂಗ್ಲೆಂಡಿನ ಮಾರ್ಗನ್ ಕಂಪನಿ ಈ ಕಾಲದಲ್ಲೂ ಆಶ್ ಮರದ ಚೌಕಟ್ಟು ಕಟ್ಟುತ್ತದೆ. ನಮ್ಮ ಕಡೆ ಎತ್ತಿನ ಗಾಡಿಗೆ ಜಾಲಿ ಮರ ಹುಡುಕುವ ಹಾಗೆ. ಮದರಾಸಿನ ಸಿಂಪ್ಸನ್ ಕಂಪನಿಯದ್ದೂ ಇದೇ ದಾರಿ. 1840ರಲ್ಲಿ ಶುರುವಾಗಿ ಕುದುರೆ ಗಾಡಿ ಕಟ್ಟಿದವರು, ಆಮೇಲೆ ಮೋಟಾರಿಗೆ ಬಂದರು.

ಹಾಸನದ ಟೂರರ್

ಬಾಡಿ ಶೆಡ್ ತಮ್ಮ, ಎರಡು ವರ್ಷದಿಂದ ಓದಿಯೂ ನನಗೆ ಇದು ಹೊಳೆದಿರಲಿಲ್ಲ. ಹೆಸರು ಕಾರಿನ ಜೊತೆ ಬಂದದ್ದಲ್ಲ, ಬಡಗಿಯ ಜೊತೆ ಬಂದದ್ದು. ನೀವು ಲಾರಿಗೆ ಹುಲ್ಲಿನ ಬಾಡಿ, ಕಲ್ಲಿನ ಬಾಡಿ ಅನ್ನುವ ಹಾಗೆ ಅವರಿಗೆ ಫೈಟನ್, ಬ್ರೂಮ್. ಕೆಲಸದ ಪದಗಳು.

ನಾನು ಬರೆದಿಟ್ಟುಕೊಂಡದ್ದು ಸ್ವಲ್ಪ ಹಾಕುತ್ತೇನೆ. ಫೈಟನ್ ಅಂದರೆ ಹಗುರ, ತೆರೆದ ಗಾಡಿ, ಧಣಿಯೇ ಲಗಾಮು ಹಿಡಿಯುವಂಥದ್ದು. ಹೆಸರು ಗ್ರೀಕರ ಕಥೆಯದ್ದು. ಸೂರ್ಯನ ಮಗ ಒಂದು ದಿನ ಅಪ್ಪನ ರಥ ಓಡಿಸುತ್ತೇನೆ ಅಂತ ಹಟ ಹಿಡಿದ, ಕುದುರೆಗಳು ಕೈಗೆ ಸಿಗಲಿಲ್ಲ, ಭೂಮಿ ಸುಡಲು ಶುರುವಾಯಿತು, ದೇವತೆಗಳ ರಾಜ ಸ್ಯೂಸ್ ಸಿಡಿಲು ಹೊಡೆದು ಕೆಡವಿದ. ಜೋರಾಗಿ ಓಡಿಸುವ ಹುಡುಗರ ಗಾಡಿಗೆ ಆ ಹೆಸರು. ಕಾರಾದ ಮೇಲೂ ಫೈಟನ್ ಅಂದರೆ ತೆರೆದ ಕಾರು, ಪಕ್ಕಕ್ಕೆ ಗಾಜಿಲ್ಲ, ಮಳೆ ಬಂದರೆ ಹುಡ್ ಎಳೆಯಬೇಕು. ಚಿಕ್ಕಪ್ಪನ ಟೂರರ್ ಇದೇ ವಂಶದ್ದು.

ಕೂಪೆ ಅಂದರೆ ಫ್ರೆಂಚಿನಲ್ಲಿ ಕತ್ತರಿಸಿದ್ದು. ಬರ್ಲೀನ್ ಅಂತ ದೊಡ್ಡ ಗಾಡಿ, ಬರ್ಲಿನ್ ಊರಿನ ಹೆಸರಿನದ್ದು, ಒಳಗೆ ಎದುರುಬದುರು ಎರಡು ಸೀಟು. ಮುಂದಿನ ಸೀಟಿನ ಭಾಗ ಕತ್ತರಿಸಿ ತೆಗೆದರೆ ಇಬ್ಬರು ಕೂರುವ ಕೂಪೆ. ಕ್ಯಾಬ್ರಿಯೋಲೆ ಇನ್ನೂ ಚೆನ್ನ. ಇಟಲಿಯ ಭಾಷೆಯಲ್ಲಿ ಮೇಕೆ ನೆಗೆತಕ್ಕೆ ಇರುವ ಪದದಿಂದ ಬಂದದ್ದು. ಎರಡು ಚಕ್ರ, ಹಗುರ, ಹಳ್ಳಕೊಳ್ಳದಲ್ಲಿ ಮೇಕೆಯ ಹಾಗೆ ನೆಗೆಯುತ್ತಿತ್ತು. ಅದನ್ನು ಮೊಟಕು ಮಾಡಿದ್ದೇ ಕ್ಯಾಬ್. ಬೆಂಗಳೂರಿನಲ್ಲಿ ದಿನಾ ಲಕ್ಷಾಂತರ ಜನ ಮೊಬೈಲಿನಲ್ಲಿ ಬುಕ್ ಮಾಡುವ ಕ್ಯಾಬ್ ಇದೇ.

ಜಟಕಾ ಮನೆ

ಮೈಸೂರಿನವಳು. ನಮ್ಮ ತಾತ ಜಟಕಾ ಹೊಡೆಯುತ್ತಿದ್ದರು. ಕ್ಯಾಬ್ರಿಯೋಲೆ ಮೇಕೆ ನೆಗೆತ ಅಂದಿರಲ್ಲ, ಜಟಕಾ ಅನ್ನುವ ಪದವೂ ಹಿಂದಿಯ ಝಟ್ಕಾದಿಂದ ಬಂದದ್ದು ಅನ್ನುತ್ತಾರೆ. ಕುಲುಕು, ಎಳೆತ. ಎಲ್ಲಿಯ ಇಟಲಿ, ಎಲ್ಲಿಯ ಮೈಸೂರು. ಎರಡು ಚಕ್ರದ ಗಾಡಿಯಲ್ಲಿ ಕೂತವರಿಗೆಲ್ಲ ಒಂದೇ ಅನುಭವ.

ಎರಡು ಚಕ್ರದ ಗಾಡಿ ಅಂದರೆ ತಕ್ಕಡಿ ಇದ್ದ ಹಾಗೆ. ಭಾರ ಮುಂದೆ ಜಾಸ್ತಿ ಆದರೆ ಕುದುರೆಯ ಬೆನ್ನಿಗೆ ಬೀಳುತ್ತದೆ. ಹಿಂದೆ ಜಾಸ್ತಿ ಆದರೆ ಮೂಕಿ ಮೇಲಕ್ಕೆ ಎದ್ದು ಹೊಟ್ಟೆಯ ಪಟ್ಟಿ ಬಿಗಿಯುತ್ತದೆ. ತಾತ ಗಾಡಿ ಬಿಡುವ ಮೊದಲು ಮೂಕಿಗೂ ಕುದುರೆಯ ಪಕ್ಕೆಗೂ ನಡುವೆ ಕೈ ಇಟ್ಟು ನೋಡುತ್ತಿದ್ದರು. ಆಮೇಲೆ "ಅಮ್ಮಾವ್ರೇ, ಒಂಚೂರು ಮುಂದೆ ಬನ್ನಿ" ಅಂತಲೋ "ಸ್ವಾಮಿ, ಆ ಮೂಟೆ ಹಿಂದಕ್ಕೆ ತಳ್ಳಿ" ಅಂತಲೋ ಹೇಳುತ್ತಿದ್ದರು. ಎಲ್ಲರೂ ಸರಿಯಾಗಿ ಕೂತ ಮೇಲೆ ಮೂಕಿ ಕೈಗೆ ಹಗುರ ಆಗುತ್ತದೆ. ಆಗಲೇ ಚಾಟಿ ತಗೊಳ್ಳುತ್ತಿದ್ದದ್ದು. ಮಧ್ಯಾಹ್ನ ಹುರುಳಿ ಬೇಯಿಸಿ ಕುದುರೆಗೆ ಇಟ್ಟ ಮೇಲೆ ತಾವು ಊಟಕ್ಕೆ ಕೂರುತ್ತಿದ್ದರು.

ನಾವು ಈಗಲೂ ಗಾಡಿ ಹೊಡೆಯುವುದು ಅಂತೀವಿ ಅಲ್ವಾ? ಬಸ್ ಹೊಡೆಯುತ್ತಾನೆ, ಲಾರಿ ಹೊಡೆಯುತ್ತಾನೆ. ಹೊಡೆಯಲು ಎತ್ತೂ ಇಲ್ಲ, ಕುದುರೆಯೂ ಇಲ್ಲ. ಚಾಟಿ ಹೋದ ಮೇಲೂ ಆ ಮಾತು ನಮ್ಮ ಬಾಯಲ್ಲಿ ಇದೆ. ಅರಮನೆಯ ಸಾರೋಟಿಗೆ ನಾವು ನಮ್ಮದೇ ಹೆಸರು ಅಂದುಕೊಂಡಿದ್ದೇವೆ, ಅದೂ ಇಂಗ್ಲಿಷಿನ ಚಾರಿಯಟ್.

ಡ್ಯಾಶ್‌ಬೋರ್ಡ್ ಯಾರೂ ಹೇಳಲಿಲ್ಲ. ಕುದುರೆ ಓಡುವಾಗ ಗೊರಸಿನಿಂದ ಕೆಸರು, ಕಲ್ಲು ಹಿಂದಕ್ಕೆ ಎಗರುತ್ತದೆ. ಅದು ಹೊಡೆಯುವವನ ಮೈಗೆ ಬೀ‍ಳದಂತೆ ಮುಂದೆ ಕಟ್ಟಿದ ಮರದ ಅಥವಾ ಚರ್ಮದ ಹಲಗೆಯೇ ಡ್ಯಾಶ್‌ಬೋರ್ಡ್. ಈಗ ಅದರ ಮೇಲೆ ಗಣೇಶನನ್ನು ಇಡುತ್ತೇವೆ.

ಥೇಮ್ಸ್ ದಂಡೆ

ಮೇಡಂ, ತಾತ ಮೂಕಿಯ ಹತ್ತಿರ ಕೈ ಇಟ್ಟು ನೋಡುತ್ತಿದ್ದದ್ದು ಓದಿ ಬಹಳ ಖುಷಿಯಾಯಿತು.

ಲ್ಯಾಂಡೋ ಮತ್ತು ಬ್ರೂಮ್ ನಾನು ಹೇಳುತ್ತೇನೆ. ಲಂಡನ್ನಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಪಕ್ಕ ರಾಯಲ್ ಮ್ಯೂಸ್ ಅಂತ ಲಾಯ ಇದೆ, ಗಾಡಿಗಳನ್ನು ಅಲ್ಲಿ ನೋಡಬಹುದು. ಲ್ಯಾಂಡೋ ಅನ್ನುವುದು ಜರ್ಮನಿಯ ಒಂದು ಊರು. ಗಾಡಿಯ ಗುರುತು ಏನಂದರೆ ಎರಡು ಹುಡ್, ಹಿಂದೊಂದು ಮುಂದೊಂದು. ಎರಡನ್ನೂ ಎತ್ತಿದರೆ ನಡುನೆತ್ತಿಯಲ್ಲಿ ಬಂದು ಸೇರಿ ಕೊಂಡಿ ಬೀಳುತ್ತದೆ, ಗಾಡಿ ಪೂರ್ತಿ ಮುಚ್ಚುತ್ತದೆ. ಇಳಿಸಿದರೆ ಕೂತವರು ಊರಿಗೆಲ್ಲ ಕಾಣುತ್ತಾರೆ. ಅದಕ್ಕೇ ರಾಜಮನೆತನಕ್ಕೆ ಇದು ಬೇಕು. 1902ರ ಸ್ಟೇಟ್ ಲ್ಯಾಂಡೋ ಹೂಪರ್ ಅವರು ಕಟ್ಟಿದ್ದು. 1981ರಲ್ಲಿ ಚಾರ್ಲ್ಸ್ ಡಯಾನಾ, 2011ರಲ್ಲಿ ವಿಲಿಯಂ ಕೇಟ್, ಮದುವೆ ಮುಗಿಸಿ ಬಂದದ್ದು ಇದರಲ್ಲೇ. ಇದರ ಅರ್ಧ ಮಾತ್ರ ಇದ್ದರೆ, ಅಂದರೆ ಹಿಂದಿನ ಹುಡ್ ಒಂದೇ ಇದ್ದರೆ, ಲ್ಯಾಂಡೋಲೆ. ಕಾರಿನಲ್ಲೂ ಅದೇ ಅರ್ಥ: ಹಿಂದಿನ ಸೀಟಿನ ಮೇಲಿನ ಭಾಗ ಮಾತ್ರ ತೆರೆಯುತ್ತದೆ. 1960ರಲ್ಲಿ ಪೋಪ್ ಅವರಿಗೆ ಮರ್ಸಿಡಿಸ್ ಇಂಥದ್ದೇ ಕಾರು ಮಾಡಿಕೊಟ್ಟಿತು.

ಬ್ರೂಮ್ ಬರೆಯುವಾಗ ಇಂಗ್ಲಿಷಿನಲ್ಲಿ ಉದ್ದ ಬರೆಯುತ್ತಾರೆ, ಓದುವುದು ಪೊರಕೆಗೆ ಅನ್ನುವ ಹಾಗೆ, ಬ್ರೂಮ್. ಲಾರ್ಡ್ ಬ್ರೂಮ್ ಇಲ್ಲಿನ ದೊಡ್ಡ ವಕೀಲರು, ಲಾರ್ಡ್ ಚಾನ್ಸಲರ್ ಆಗಿದ್ದವರು. 1838ರಲ್ಲಿ ರಾಬಿನ್ಸನ್ ಅಂಡ್ ಕುಕ್ ಅನ್ನುವವರ ಹತ್ತಿರ ತಮಗೆ ಬೇಕಾದ ಹಾಗೆ ಗಾಡಿ ಕಟ್ಟಿಸಿದರು. ಒಂದೇ ಕುದುರೆ, ಮುಚ್ಚಿದ ಸಣ್ಣ ಪೆಟ್ಟಿಗೆ, ನೆಲಕ್ಕೆ ಹತ್ತಿರ, ಹತ್ತಲು ಏಣಿ ಬೇಡ, ಆಳಿನ ಸಹಾಯ ಬೇಡ. ವಕೀಲರು, ಡಾಕ್ಟರುಗಳು ಊರೊಳಗೆ ಓಡಾಡಲು ಹೇಳಿ ಮಾಡಿಸಿದ ಹಾಗಿತ್ತು. ಕಾರು ಬಂದ ಕಾಲಕ್ಕೆ ಎಲೆಕ್ಟ್ರಿಕ್ ಬ್ರೂಮ್ ಅಂತ ಬಂದವು, ಬ್ಯಾಟರಿಯಲ್ಲಿ ಓಡುವಂಥವು. ಊರೊಳಗಿನ ಸಣ್ಣ ಓಡಾಟ, ಸದ್ದಿಲ್ಲ, ಹೊಗೆಯಿಲ್ಲ. ಎಲೆಕ್ಟ್ರಿಕ್ ಕಾರು ಹೊಸದು ಅಂದುಕೊಂಡಿರುವವರು ಇದನ್ನು ಒಮ್ಮೆ ನೋಡಬೇಕು.

ಮಾಟುಂಗಾದಿಂದ

ಸಣ್ಣ ಸೇರ್ಪಡೆ. ಮುಂಬಯಿಯಲ್ಲಿ ನಾವು ಕುದುರೆ ಗಾಡಿಗೆ ವಿಕ್ಟೋರಿಯಾ ಅಂತಲೇ ಅನ್ನುವುದು. ಗೇಟ್‌ವೇ ಹತ್ತಿರ ಬೆಳ್ಳಿ ಬಣ್ಣ ಹೊಡೆದು ಲೈಟು ಹಾಕಿದ್ದು ಎಲ್ಲರೂ ನೋಡಿರುತ್ತೀರಿ. 2015ರಲ್ಲಿ ಹೈಕೋರ್ಟ್ ನಿಲ್ಲಿಸಿ ಅಂದಿತು. ಕುದುರೆಗಳ ಸ್ಥಿತಿ ನೋಡಿದವರಿಗೆ ಅದು ಸರಿ ಅನ್ನಿಸುತ್ತದೆ, ನನಗೂ ಹಾಗೇ. ಆದರೆ ಗಾಡಿ ಹೊಡೆಯುವವರ ಮನೆಗಳ ಬಗ್ಗೆಯೂ ಯೋಚನೆ ಬರುತ್ತದೆ. 2021ರಲ್ಲಿ ಬ್ಯಾಟರಿಯ ವಿಕ್ಟೋರಿಯಾ ಬಿಟ್ಟರು. ಕುದುರೆ ಇಲ್ಲ, ಹೆಸರು ಮಾತ್ರ ಅದೇ. 1893ರಲ್ಲಿ ಬೆಂಜ್ ಮಾಡಿದ್ದು ನಮ್ಮ ಊರಿನಲ್ಲಿ ಮತ್ತೆ ನಡೆಯಿತು.

ಶೋರೂಮ್ ಕೆಲಸ

ಎಲ್ಲ ಓದಿದೆ, ಚೆನ್ನಾಗಿದೆ. ಆದರೆ ನನಗೊಂದು ಅನುಮಾನ. ನಾನು ಕಾರು ಮಾರುವವನು. ಗಿರಾಕಿ ಕೇಳುವುದು ಮೈಲೇಜ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು, ಸನ್‌ರೂಫ್ ಇದೆಯಾ. ಕೂಪೆ ಅಂದರೆ ಓಡುವ ಹಾಗೆ ಕಾಣುವ ಕಾರು ಅಂತ ಅವರ ಮನಸ್ಸಿನಲ್ಲಿದೆ, ಅಷ್ಟು ಸಾಕಲ್ವಾ? ನಾಲ್ಕು ಬಾಗಿಲಿನದ್ದಕ್ಕೂ ಕೂಪೆ ಅನ್ನುತ್ತಾರೆ. ಗಾಡಿ ಅನ್ನುವ ಪದ ಎತ್ತಿನಿಂದ ಸ್ಕೂಟರಿಗೆ ಬಂದದ್ದು ಸರಿಯಾದರೆ ಇದೂ ಸರಿ ಆಗಬೇಕು.

ಹಾಸನದ ಟೂರರ್

ನ್ಯಾಯವಾದ ಪ್ರಶ್ನೆ ಸರ್. ಎರಡು ದಿನ ಯೋಚನೆ ಮಾಡಿ ಬರೆಯುತ್ತಿದ್ದೇನೆ.

ಗಾಡಿ ಅಂದರೆ ಹೊತ್ತು ಒಯ್ಯುವುದು. ಸ್ಕೂಟರೂ ಹೊತ್ತು ಒಯ್ಯುತ್ತದೆ. ಅರ್ಥ ಕಳೆದುಹೋಗಲಿಲ್ಲ. ಬೆಂಜ್ ಅವರ ವಿಕ್ಟೋರಿಯಾದಲ್ಲೂ ಕಳೆದುಹೋಗಲಿಲ್ಲ. ಆದರೆ ಫೋಕ್ಸ್‌ವ್ಯಾಗನ್ ಕಂಪನಿ 2002ರಿಂದ 2016ರ ತನಕ ಫೈಟನ್ ಅಂತ ಮಾಡಿದ ಕಾರು ಬಹಳ ಒಳ್ಳೆಯ ಕಾರು, ಆದರೆ ಪೂರ್ತಿ ಮುಚ್ಚಿದ ದೊಡ್ಡ ಸೆಡಾನ್. ಅಮೆರಿಕದ ಶವ ಒಯ್ಯುವ ಕಾರುಗಳ ಹಿಂಭಾಗದಲ್ಲಿ ಎಸ್ ಆಕಾರದ ಹೊಳೆಯುವ ಪಟ್ಟಿ ಇರುತ್ತದೆ, ನೋಡಿದ್ದೀರಾ? ಅದಕ್ಕೆ ಲ್ಯಾಂಡೋ ಬಾರ್ ಅನ್ನುತ್ತಾರೆ. ಲ್ಯಾಂಡೋ ಗಾಡಿಯಲ್ಲಿ ಹುಡ್ ಮಡಚುವ ಕೀಲು ಅದು. ಇಲ್ಲಿ ಏನೂ ಮಡಚುವುದಿಲ್ಲ, ತಗಡಿನ ಮೇಲೆ ಸುಮ್ನೆ ಕೂರಿಸಿದ್ದಾರೆ.

ನಮ್ಮ ಚಿಕ್ಕಪ್ಪನ ಹುಡ್ಡಿಗೆ ಆದದ್ದೂ ಅದೇ. ಕಮಾನು ಇದೆ, ಮಡಚುವುದಿಲ್ಲ. ಗಿರಾಕಿಗೆ ಗೊತ್ತಿಲ್ಲದಿದ್ದರೂ ಪರವಾಗಿಲ್ಲ ಸರ್. ರಿಪೇರಿ ಮಾಡುವವರಿಗೆ, ಕಟ್ಟುವವರಿಗೆ ಗೊತ್ತಿರಬೇಕು ಅಂತ ನನ್ನ ಆಸೆ. ಅವರ ಕೈಯಲ್ಲಿ ಹೆಸರು ಅಂದರೆ ಅಳತೆ.

ಪದದ ಬೇರು

ಶೋರೂಮ್ ಸರ್, ನಿಮ್ಮ ಮಾತಿನಲ್ಲೇ ಒಂದು ಸಿಕ್ಕಿತು. ಡಿಕ್ಕಿ! ಇಂಗ್ಲೆಂಡಿನವರು ಸಾಮಾನು ಇಡುವ ಜಾಗಕ್ಕೆ ಬೂಟ್ ಅನ್ನುತ್ತಾರೆ, ಅಮೆರಿಕದವರು ಟ್ರಂಕ್. ನಾವು ಮಾತ್ರ ಡಿಕ್ಕಿ. ಕುದುರೆ ಗಾಡಿಯಲ್ಲಿ ಹೊಡೆಯುವವರೋ ಆಳುಗಳೋ ಕೂರುವ ಹೊರಗಿನ ಸೀಟಿಗೆ ಡಿಕಿ ಅನ್ನುತ್ತಿದ್ದರು. ಹಳೇ ಎರಡು ಸೀಟಿನ ಕಾರುಗಳಲ್ಲಿ ಹಿಂದೆ ಮುಚ್ಚಳ ಎತ್ತಿದರೆ ಇನ್ನೊಂದು ಸೀಟು ಇರುತ್ತಿತ್ತು, ಅದೂ ಡಿಕಿ ಸೀಟು. ಆ ಸೀಟು ಎಲ್ಲ ಕಡೆ ಹೋಯಿತು, ಇಂಗ್ಲೆಂಡಿನಲ್ಲಿ ಪದವೂ ಹೋಯಿತು. ನಮ್ಮಲ್ಲಿ ಮುಚ್ಚಳ ಎತ್ತುವ ಜಾಗಕ್ಕೆ ಆ ಹೆಸರು ಅಂಟಿಕೊಂಡಿತು. ಕುದುರೆ ಗಾಡಿಯ ಪದವನ್ನು ನೀವು ದಿನಾ ಹತ್ತು ಸಲ ಹೇಳುತ್ತಿದ್ದೀರಿ.

ಶೋರೂಮ್ ಕೆಲಸ

ಇದು ನಿಜಕ್ಕೂ ಗೊತ್ತಿರಲಿಲ್ಲ. ನಾಳೆ ಹುಡುಗರಿಗೆಲ್ಲ ಹೇಳುತ್ತೇನೆ. ನಾಲ್ಕು ಬಾಗಿಲಿನ ಕೂಪೆ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ, ಆದರೆ ಹುಡ್ ವಿಷಯ ಒಪ್ಪಿದೆ.

ಬಾಡಿ ಶೆಡ್ ಹುಡುಗ

ಹಾಸನದ ಅಣ್ಣ, ಆ ಹುಡ್ ಹಾಗೇ ಬಿಡಬೇಡಿ. ವೆಲ್ಡಿಂಗ್ ಜಾಗ ನಿಧಾನಕ್ಕೆ ಉಜ್ಜಿ ತೆಗೆದರೆ ಹಳೇ ತೂತು ಸಿಗುತ್ತದೆ. ಬಿಸಿಗೆ ಕಬ್ಬಿಣ ಸ್ವಲ್ಪ ಸೊಟ್ಟ ಆಗಿರಬಹುದು, ಅದನ್ನು ತಟ್ಟಿ ನೇರ ಮಾಡಬಹುದು. ಪಿನ್ ಹೊಸದು ಲೇತಿನಲ್ಲಿ ಮಾಡಿಸಬೇಕು, ಅದಕ್ಕೆ ಹಳೇ ಪಿನ್ನಿನ ದಪ್ಪ ಗೊತ್ತಾಗಬೇಕು. ಗ್ಯಾರೇಜಿನವರು ಎಸೆದಿರುತ್ತಾರೆ ಅನ್ನುವುದೇ ಚಿಂತೆ. ಬಟ್ಟೆ ಹಾಗೇ ಇರಲಿ, ಹಿಂದಿನ ಹೊಲಿಗೆ ಒಂದು ಬಿಚ್ಚಿದರೆ ಸಾಕು.

ಹಾಸನದ ಟೂರರ್

ಎಸೆದಿಲ್ಲ ತಮ್ಮಾ. ಅವತ್ತೇ ಒಂದು ಪ್ಲಾಸ್ಟಿಕ್ ಕವರಿನಲ್ಲಿ ವಾಪಸ್ ಕೊಟ್ಟಿದ್ದರು. ಚಿಕ್ಕಪ್ಪನಿಗೆ ಈಗ ಫೋನ್ ಮಾಡಿ ಕೇಳಿದೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಸ್ವಲ್ಪ ಎಣ್ಣೆ ಹಾಕಿ ಮುಳುಗಿಸಿ ಇಟ್ಟಿದ್ದಾರಂತೆ. ಎಣಿಸಲು ಹೇಳಿದೆ. ಆರು ಇವೆ, ಒಂದಕ್ಕೂ ತುಕ್ಕು ಹಿಡಿದಿಲ್ಲ. ಭಾನುವಾರ ಹೋಗಿ ದಪ್ಪ ಅಳೆದು ಇಲ್ಲೇ ಹಾಕುತ್ತೇನೆ.